ಹಳಿ ಕಾಸುವ ಬೆಂಕಿಯಿಂದ ಹವಾ ಸೋಸುವ ಯಂತ್ರಕ್ಕೆ

ಬೇಸಿಗೆಯ ಬಿಸಿಲಿಗೆ ಚಕ್ಕಡಿಯ ಗಾಲಿ ಒಣಗುತ್ತದೆ. ಕಟ್ಟಿಗೆ ಕುಗ್ಗಿದಂತೆ ಅದರ ಸುತ್ತ ಬಿಗಿದ ಕಬ್ಬಿಣದ ಹಳಿ ಸಡಿಲಾಗಿ ದಾರಿಯುದ್ದಕ್ಕೂ ಗಡಗಡ ಸದ್ದು ಮಾಡತೊಡಗುತ್ತದೆ. ಅಂಥ ಗಾಲಿ ಮುಂಗಾರಿಗೆ ಮೊದಲೇ ಕಂಬಾರನ ಅಂಗಳ ಸೇರುತ್ತಿತ್ತು. ಹಳಿಯನ್ನು ಬಿಚ್ಚಿ, ತುಸು ಕತ್ತರಿಸಿ, ಎರಡು ತುದಿಗಳನ್ನು ಕಾಸಿ ಬೆಸೆದು, ಗಾಲಿಯ ಸುತ್ತಳತೆಗಿಂತ ಸ್ವಲ್ಪವೇ ಚಿಕ್ಕದು ಮಾಡಿ ನೆಲದ ಮೇಲೆ ಮಲಗಿಸುತ್ತಿದ್ದರು. ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಚ್ಚಿದರೆ ಹಳಿ ಕೆಂಪಗಾಗಿ ಹಿಗ್ಗುತ್ತದೆ. ಇಬ್ಬರು ಮೂವರು ಇಕ್ಕಳದಿಂದ ಅದನ್ನೆತ್ತಿ ಗಾಲಿಯ ಮೇಲೆ ಕೂಡಿಸಿ, ಸುತ್ತಿಗೆಯಿಂದ ಬಡಿದಿಳಿಸಿ, ಕಟ್ಟಿಗೆಗೆ ಬೆಂಕಿ ಹತ್ತುವುದರೊಳಗೆ ಕೊಡಗಟ್ಟಲೆ ನೀರು ಸುರಿಯಬೇಕು. ಭುಸ್ಸೆಂದು ಹಬೆ ಏಳುತ್ತದೆ. ತಣ್ಣಗಾದ ಹಳಿ ಕುಗ್ಗಿ ಗಾಲಿಯ ಅರಗಳನ್ನೆಲ್ಲ ಬಿಗಿದು ಹಿಡಿಯುತ್ತದೆ.

ಎಷ್ಟು ಕತ್ತರಿಸಬೇಕು ಅನ್ನುವುದೇ ಇದರಲ್ಲಿ ದೊಡ್ಡ ವಿದ್ಯೆ. ಒಂದು ನೂಲು ಹೆಚ್ಚಾದರೆ ಅರಗಳು ಬಾಗಿ ಗಾಲಿ ಸೊಟ್ಟಗಾಗುತ್ತದೆ, ಕಡಿಮೆಯಾದರೆ ತಿಂಗಳೊಳಗೆ ಹಳಿ ಮತ್ತೆ ಕಳಚುತ್ತದೆ. ಬಿಸಿಯಾದದ್ದು ಹಿಗ್ಗುತ್ತದೆ, ತಣ್ಣಗಾದದ್ದು ಕುಗ್ಗುತ್ತದೆ ಎಂಬ ಲೆಕ್ಕವನ್ನು ಕಂಬಾರರು ಪುಸ್ತಕವಿಲ್ಲದೆ ಕೈಯಲ್ಲೇ ಕಲಿತಿದ್ದರು. ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನ ಯಂಕಂಚಿಯಾಗಲಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಾಗಲಿ, ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಗಾಲಿಯ ಮಾತೆಲ್ಲ ಬಿಸಿಯ ಮಾತೇ. ಇವತ್ತು ಹೆದ್ದಾರಿಯ ಟೈರ್ ಅಂಗಡಿಗಳಿಗೆ ಬರುತ್ತಿರುವ ಸಾರಜನಕ ತುಂಬುವ ಯಂತ್ರದ ಬಗೆಗೂ ಜನ ಮೊದಲು ಕೇಳುವ ಪ್ರಶ್ನೆ ಅದೇ: ಬಿಸಿಲಿಗೆ ಟೈರ್ ಒಡೆಯುವುದಿಲ್ಲವೇ?

ಆ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಈ ಕಡೆಗೆ ಟೈರ್ ಹೇಗೆ ಬಂತು ಅನ್ನುವುದನ್ನು ನೋಡಬೇಕು.

ರೈಲು ಬರುವವರೆಗೆ ಈ ಜಿಲ್ಲೆಯ ಜೋಳ, ಹತ್ತಿ ಎಲ್ಲವೂ ಚಕ್ಕಡಿಯಲ್ಲಿ, ಇಲ್ಲವೇ ಹೇರೆತ್ತಿನ ಬೆನ್ನ ಮೇಲೆ ಸಾಗುತ್ತಿತ್ತು. 1860ರಲ್ಲಿ ಸೊಲ್ಲಾಪುರಕ್ಕೆ ರೈಲು ಮುಟ್ಟಿತಾದರೂ ಅಲ್ಲಿಂದ ಇತ್ತ ಎತ್ತುಗಳೇ ಗತಿ. 1876–78ರ ಬರಗಾಲದಲ್ಲಿ ಮನುಷ್ಯರಿಗೆ ಕಾಳಿಲ್ಲ, ಎತ್ತುಗಳಿಗೆ ಮೇವಿಲ್ಲ. ಎತ್ತು ಸತ್ತ ಊರಿಗೆ ಕಾಳು ಮುಟ್ಟಿಸುವುದು ಹೇಗೆ? ಆಗಿನ ಕಲಾದಗಿ ಜಿಲ್ಲೆ ಕಂಡ ಸಾವುನೋವಿನ ನೆನಪಿನಲ್ಲೇ ಹೊಟಗಿ–ಗದಗ ಮೀಟರ್‌ಗೇಜ್ ಮಾರ್ಗ ಹುಟ್ಟಿತು. 1884ರ ಹೊತ್ತಿಗೆ ರೈಲು ವಿಜಯಪುರಕ್ಕೆ ಬಂತು, ಜಿಲ್ಲಾ ಕಚೇರಿಯೂ ಕಲಾದಗಿಯಿಂದ ಅಲ್ಲಿಗೆ ಬಂತು. ಇಂಡಿಯವರಿಗೆ ಇಂಡಿ ರೋಡ್ ಎಂಬ ಸ್ಟೇಶನ್ ಸಿಕ್ಕಿತು. ಸಿಂದಗಿಗೆ ಮಾತ್ರ ರೈಲು ಬರಲಿಲ್ಲ. ರೈಲಿಲ್ಲದ ಸೀಮೆಯ ಬದುಕು ಪೂರ್ತಿ ರಸ್ತೆಯ ಮೇಲೆ, ಅಂದರೆ ಗಾಲಿಯ ಮೇಲೆ ನಿಂತಿರುತ್ತದೆ. ಯಂಕಂಚಿಯ ಕಡೆ ಪಂಕ್ಚರ್ ಅಂಗಡಿಗೆ ಅಷ್ಟು ಮಹತ್ವ ಬಂದದ್ದು ಇದರಿಂದಲೇ.

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಅದು ಮರೆತೇಹೋಗಿತ್ತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದ. ದನಗಳ ವೈದ್ಯನೊಬ್ಬ ಮಾಡಿದ ಟೈರು ಮುಂದೆ ದನಗಳ ಹೆಗಲಿನ ಭಾರವನ್ನೇ ಹಗುರ ಮಾಡಿತು. 1936ರಲ್ಲಿ ಬಂಗಾಳದ ಹೂಗ್ಲಿ ಬಳಿಯ ಸಾಹಾಗಂಜ್‌ನಲ್ಲಿ ಡನ್‌ಲಪ್ ಕಾರ್ಖಾನೆ ಶುರುವಾದ ಮೇಲೆ ನಮ್ಮ ದೇಶದಲ್ಲೇ ಟೈರುಗಳು ತಯಾರಾಗತೊಡಗಿದವು.

ಹಳ್ಳಿಗೆ ಮೊದಲು ಬಂದ ಹವಾದ ಗಾಲಿ ಸೈಕಲ್ಲಿನದು. ಅದಕ್ಕೆ ಶತ್ರುಗಳೂ ಸಾಕಷ್ಟಿದ್ದವು. ಎತ್ತಿನ ಗೊರಸಿಗೆ ಹೊಡೆದ ನಾಲದಿಂದ ಕಳಚಿಬಿದ್ದ ಮೊಳೆಗಳು ಚಕ್ಕಡಿದಾರಿಯ ತುಂಬ ಇರುತ್ತಿದ್ದವು. ಹಳ್ಳದ ದಂಡೆಯ ಜಾಲಿಮುಳ್ಳು, ಆಮೇಲೆ ಎಲ್ಲೆಡೆ ಹಬ್ಬಿದ ಬಳ್ಳಾರಿ ಜಾಲಿಯ ಮುಳ್ಳು ಟೈರು ದಾಟಿ ಟ್ಯೂಬಿಗೇ ಇಳಿಯುತ್ತಿತ್ತು. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ, ಊರ ಅಗಸಿಯ ಹತ್ತಿರ, ಒಂದು ಕೈಪಂಪು, ನೀರು ತುಂಬಿದ ಬೋಗುಣಿ, ಸಲ್ಯೂಷನ್ನಿನ ಡಬ್ಬಿ ಇಟ್ಟುಕೊಂಡು ಕೂತವನೇ ಈ ಸೀಮೆಯ ಮೊದಲ ಟೈರ್ ಮೇಸ್ತ್ರಿ.

ಮೋಟಾರು ಗಾಡಿಗಳು ಬಂದಾಗ ಆ ಬೋಗುಣಿಯ ಪಕ್ಕ ಇನ್ನೊಂದು ಸಾಮಾನು ಬಂತು. ಅದನ್ನು ಹತ್ತಿರದಿಂದ ನೋಡದವರಿಗೆ ಅದರ ಜಾಣ್ಮೆ ತಿಳಿಯಲಾರದು. ಯಾವುದೋ ಹಳೆಯ ಎಂಜಿನ್ನಿನಿಂದ ತೆಗೆದ ಪಿಸ್ಟನ್ನು ಅದರ ಮುಖ್ಯ ಭಾಗ. ಲಾರಿಯ ಟ್ಯೂಬಿನಲ್ಲಿ ತೂತು ಬಿದ್ದ ಜಾಗವನ್ನು ಕಾನಸಿನಿಂದ ಉಜ್ಜಿ, ಕಚ್ಚಾ ರಬ್ಬರಿನ ತುಂಡು ಅಂಟಿಸಿ, ಅದರ ಮೇಲೆ ಪಿಸ್ಟನ್ನನ್ನು ಬೋರಲಾಗಿಟ್ಟು ಸ್ಕ್ರೂ ಶಿಕಂಜೆಯಲ್ಲಿ ಬಿಗಿಯುತ್ತಾರೆ. ಪಿಸ್ಟನ್ನಿನ ಹೊಟ್ಟೆಯೊಳಕ್ಕೆ ಸ್ವಲ್ಪ ಸೀಮೆಎಣ್ಣೆ ಸುರಿದು ಕಡ್ಡಿ ಗೀರುತ್ತಾರೆ. ಎಣ್ಣೆ ಉರಿದು ಮುಗಿಯುವಷ್ಟರಲ್ಲಿ ಹಾಕಿದ ತುಂಡು ಟ್ಯೂಬಿನೊಂದಿಗೆ ಬೆಂದು ಒಂದಾಗಿರುತ್ತದೆ. ಎಣ್ಣೆಯ ಅಳತೆಯೇ ಇಲ್ಲಿ ಗಡಿಯಾರ. ಹೆಚ್ಚಾದರೆ ಟ್ಯೂಬು ಸುಡುತ್ತದೆ, ಕಡಿಮೆಯಾದರೆ ಪ್ಯಾಚು ಕೀಳುತ್ತದೆ. ‘ವಲ್ಕನೈಜಿಂಗ್ ವರ್ಕ್ಸ್’ ಎಂದು ತಗಡಿನ ಬೋರ್ಡಿನ ಮೇಲೆ ಬರೆಸಿದವರೆಲ್ಲರ ವಿದ್ಯೆ ಇದು. ಹಳಿ ಕಾಸುತ್ತಿದ್ದ ಕಂಬಾರನ ಬಿಸಿಯ ಲೆಕ್ಕ ಸೀಮೆಎಣ್ಣೆಯ ಬಿಸಿಗೆ ದಾಟಿಕೊಂಡಿತ್ತು, ಅಷ್ಟೇ.

ಎರಡನೆಯ ಮಹಾಯುದ್ಧದಲ್ಲಿ, 1942ರ ಆರಂಭಕ್ಕೆ ಜಪಾನು ಮಲಯಾವನ್ನು ಹಿಡಿದಾಗ ಜಗತ್ತಿನ ರಬ್ಬರಿನ ದೊಡ್ಡ ಪಾಲು ಕೈತಪ್ಪಿತು. ಭಾರತದಲ್ಲಿ ಟೈರಿಗೆ ರೇಷನ್ ಬಂತು. ಇದ್ದ ಟೈರನ್ನೇ ಮತ್ತೆ ಮತ್ತೆ ರಿಪೇರಿ ಮಾಡಿ ಓಡಿಸುವ ಅಭ್ಯಾಸ ಗಟ್ಟಿಯಾದದ್ದು ಆ ವರ್ಷಗಳಲ್ಲಿ. ಯುದ್ಧ ಮುಗಿದ ಮೇಲೆ ಸರ್ಕಾರಿ ಬಸ್ಸುಗಳ ಕಾಲ. ವಿಜಯಪುರ ಜಿಲ್ಲೆ ಆಗ ಮುಂಬಯಿ ರಾಜ್ಯದಲ್ಲಿತ್ತು. ಮುಂಬಯಿ ಸರ್ಕಾರದ ಸಾರಿಗೆ 1948ರ ಜೂನ್ 1ರಂದು ಪುಣೆ–ಅಹಮದನಗರ ನಡುವೆ ಮೊದಲ ಬಸ್ಸು ಬಿಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರವೂ ತನ್ನ ಸಾರಿಗೆ ಇಲಾಖೆ ತೆರೆಯಿತು. 1956ರ ನವೆಂಬರ್ 1ರ ಏಕೀಕರಣದಿಂದ ಈ ಕಡೆಯ ಬಸ್ಸುಗಳು ಮೈಸೂರಿನ ಲೆಕ್ಕಕ್ಕೆ ಬಂದವು. ಆ ಸಾರಿಗೆ ಇಲಾಖೆ 1961ರಲ್ಲಿ ನಿಗಮವಾಯಿತು. 2000ದಲ್ಲಿ ಕಲಬುರಗಿ ಕೇಂದ್ರವಾಗಿ ಈಶಾನ್ಯ ಸಾರಿಗೆ ಬೇರೆಯಾಯಿತು, ಈಗ ಅದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಇಂಡಿ, ಸಿಂದಗಿ, ಮುದ್ದೇಬಿಹಾಳ, ತಾಳಿಕೋಟಿ, ಬಸವನ ಬಾಗೇವಾಡಿಯ ಡಿಪೋಗಳು ಅದರ ವಿಜಯಪುರ ವಿಭಾಗದವು.

ಹೆಸರು ಎಷ್ಟು ಸಲ ಬದಲಾದರೂ ಡಿಪೋದ ಒಳಗೆ ಒಂದು ಕೆಲಸ ಬದಲಾಗಲಿಲ್ಲ. ಪ್ರತಿ ಟೈರಿಗೂ ನಂಬರು, ಪ್ರತಿ ನಂಬರಿಗೂ ಲೆಕ್ಕ: ಎಷ್ಟು ಕಿಲೋಮೀಟರ್ ಓಡಿತು, ಯಾವಾಗ ಮುಂದಿನ ಗಾಲಿಯಿಂದ ಹಿಂದಕ್ಕೆ ಹೋಯಿತು, ಎಷ್ಟನೆಯ ಸಲ ರಬ್ಬರು ಹಾಕಿಸಿದ್ದು. ಇಂಧನ ಬಿಟ್ಟರೆ ಸಾರಿಗೆ ಸಂಸ್ಥೆಯ ದೊಡ್ಡ ಖರ್ಚುಗಳಲ್ಲಿ ಟೈರೂ ಒಂದು. ಸಾರಜನಕದ ಯಂತ್ರವನ್ನು ನಿಜವಾಗಿ ತೂಗಿ ನೋಡಬೇಕಾದದ್ದು ಈ ಲೆಕ್ಕದ ಪುಸ್ತಕದಲ್ಲಿ. ಕಾರಿನವರ ಬಾಯಿಮಾತಿನಲ್ಲಿ ಅದು ತೀರ್ಮಾನವಾಗುವುದಿಲ್ಲ.

ಚಕ್ಕಡಿಗೂ ಟೈರು ಬಂದದ್ದು ಇನ್ನೊಂದು ಕಥೆ. ಕಬ್ಬಿಣದ ಹಳಿ ಡಾಂಬರು ರಸ್ತೆಯನ್ನು ಸೀಳಿಹಾಕುತ್ತದೆ, ಎತ್ತಿಗೂ ದಣಿವು ಹೆಚ್ಚು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ದೊಡ್ಡ ಕಂಪನಿಗಳ ವ್ಯವಹಾರದ ಜೊತೆಗೇ ಎತ್ತಿನ ಗಾಡಿಯನ್ನೂ ಅಧ್ಯಯನದ ವಿಷಯವಾಗಿ ಹಿಡಿದರು. ಹವಾದ ಟೈರು, ನಯವಾದ ಬೇರಿಂಗು, ಹೆಗಲು ಹುಣ್ಣಾಗದ ನೊಗ ಬೇಕೆಂದು ದಶಕಗಳ ಕಾಲ ಹೇಳುತ್ತಲೇ ಬಂದರು. ದೊಡ್ಡ ಸಂಸ್ಥೆಯೊಂದರ ಮುಖ್ಯಸ್ಥರು ಎತ್ತಿನ ಹೆಗಲನ್ನು ಆರ್ಥಿಕತೆಯ ಪ್ರಶ್ನೆಯಾಗಿ ಕಂಡದ್ದು ನಮ್ಮ ರಾಜ್ಯದ ಹೆಮ್ಮೆ. ಆದರೂ ಎರೆಹೊಲದ ರೈತರು ಎತ್ತರದ ಹಳಿಗಾಲಿಯನ್ನು ಬೇಗ ಬಿಡಲಿಲ್ಲ. ಮಳೆಗಾಲದ ಎರೆಮಣ್ಣಿನಲ್ಲಿ ಗಿಡ್ಡ ಟೈರು ಹೂತುಕೊಳ್ಳುತ್ತದೆ. ಎತ್ತರದ ಕಿರಿದಾದ ಗಾಲಿ ಕೆಸರು ಕತ್ತರಿಸಿಕೊಂಡು ಮುಂದೆ ಸಾಗುತ್ತದೆ. ಅವರ ಹಟಕ್ಕೆ ನೆಲದ ಕಾರಣವಿತ್ತು.

ಹಟ ಸಡಿಲಿಸಿದ್ದು ಕಬ್ಬು. ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು, ನಾರಾಯಣಪುರ ಎಡದಂಡೆಯ ಇಂಡಿ ಶಾಖಾ ಕಾಲುವೆಯ ನೀರು ಒಣಸೀಮೆಯ ಬೆಳೆಯನ್ನೇ ಬದಲಿಸಿತು. ಇಂಡಿ ತಾಲ್ಲೂಕಿನ ಮರಗೂರು, ಸಿಂದಗಿ ಕಡೆಯ ಮಲಘಾಣ, ಆಲಮೇಲದಲ್ಲಿ ಸಕ್ಕರೆ ಕಾರ್ಖಾನೆಗಳು ಎದ್ದವು. ಹಂಗಾಮು ಶುರುವಾದರೆ ಮಹಾರಾಷ್ಟ್ರದಿಂದ ಕಟಾವಿನ ಗ್ಯಾಂಗುಗಳು ಟೈರ್ ಗಾಡಿಗಳನ್ನು ಹೊಡೆದುಕೊಂಡು ಬರುತ್ತವೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಸಾಗುತ್ತವೆ. ಆ ನಾಲ್ಕೈದು ತಿಂಗಳು ರಸ್ತೆಬದಿಯ ಪಂಕ್ಚರ್ ಅಂಗಡಿಗೆ ನಿದ್ದೆಯಿಲ್ಲ. “ಕಾಕಾ, ಹಿಂದಿನ ಗಾಲಿ ಹವಾ ನೋಡ್ರಿ” ಎಂದು ಚಾಲಕ ಕೂಗುತ್ತಾನೆ. ಕಾಕಾ ಗೇಜು ಹಚ್ಚುವ ಮೊದಲು ಟಾಮಿ ಎಂಬ ಕಬ್ಬಿಣದ ಸಲಾಕೆಯಿಂದ ಟೈರಿನ ಮೇಲೆ ಒಂದು ಪೆಟ್ಟು ಕೊಟ್ಟು ಸದ್ದು ಕೇಳುತ್ತಾನೆ. ಹವಾ ಗಟ್ಟಿ ಇದ್ದರೆ ಒಂದು ಸದ್ದು, ಇಳಿದಿದ್ದರೆ ಇನ್ನೊಂದು. ಜೋಡಿಗಾಲಿಯಲ್ಲಿ ಒಳಗಿನದು ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ತಿಳಿಯುತ್ತದೆ. ಆದರೆ ಹದಿನೈದು ಇಪ್ಪತ್ತು ಪಾಯಿಂಟಿನ, ಅಂದರೆ ಪಿಎಸ್‌ಐ ಒತ್ತಡದ, ಕೊರತೆಯನ್ನು ಕಿವಿ ಹೇಳಲಾರದು. ಅದಕ್ಕೆ ಗೇಜೇ ಬೇಕು.

ಈ ಕಸುಬಿನಲ್ಲಿ ಪ್ರಾಣಕ್ಕೂ ಅಪಾಯವಿದೆ. ಹಳೆಯ ಲಾರಿಗಳ ಡಿಸ್ಕಿಗೆ ಟೈರನ್ನು ಹಿಡಿದಿಡುವ ಲಾಕ್ ರಿಂಗ್ ಇರುತ್ತದೆ. ತುಕ್ಕು ಹಿಡಿದೋ ಸರಿಯಾಗಿ ಕೂಡದೆಯೋ ಇದ್ದ ರಿಂಗು ನೂರು ಪಾಯಿಂಟಿನ ಹವಾ ಏರುವಾಗ ಸಿಡಿದರೆ ಎದುರಿದ್ದವನು ಉಳಿಯುವುದು ಕಷ್ಟ. ಅದಕ್ಕಾಗಿಯೇ ಕಬ್ಬಿಣದ ಪಂಜರದೊಳಗೆ ಗಾಲಿಯಿಟ್ಟು ಹವಾ ತುಂಬಬೇಕೆಂಬ ನಿಯಮ. ಪಂಜರವಿಲ್ಲದ ಸಣ್ಣ ಅಂಗಡಿಗಳಲ್ಲಿ ರಿಂಗಿನ ಅಡ್ಡ ಟಾಮಿ ಸಿಕ್ಕಿಸಿ, ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಯಾವ ಅನಿಲ ತುಂಬಿದರೂ ಈ ಅಪಾಯ ಹಾಗೆಯೇ ಇರುತ್ತದೆ.

ಕೈಪಂಪಿನ ನಂತರ ಕಂಪ್ರೆಸರು ಬಂತು. ಕೊಯಮತ್ತೂರಿನಲ್ಲಿ 1960ರಲ್ಲಿ ಹುಟ್ಟಿದ ಎಲ್ಜಿ ಕಂಪನಿಯ ಯಂತ್ರಗಳು ದಕ್ಷಿಣ ಭಾರತದ ಗ್ಯಾರೇಜುಗಳಲ್ಲಿ ಮನೆಮಾತಾದವು. ಕಂಪ್ರೆಸರಿನ ಟಾಕಿಯ ತಳದಲ್ಲಿ ಒಂದು ಪುಟ್ಟ ನಳ ಇರುತ್ತದೆ. ಅದನ್ನು ತಿರುಗಿಸಿದರೆ ಹವೆಯ ಜೊತೆಗೆ ಕಂದು ಬಣ್ಣದ ನೀರು ಚಿಮ್ಮುತ್ತದೆ. ಗಾಳಿಯಲ್ಲಿರುವ ತೇವ ಒತ್ತಡಕ್ಕೆ ಸಿಕ್ಕಿ ನೀರಾಗಿ ಇಳಿದದ್ದು ಅದು. ದಿನಾ ಆ ನಳ ತೆಗೆಯದಿದ್ದರೆ ಅದೇ ನೀರು ಪೈಪಿನ ಮೂಲಕ ಟೈರಿನೊಳಕ್ಕೆ ಹೋಗುತ್ತದೆ, ಡಿಸ್ಕಿಗೆ ತುಕ್ಕು ಹಿಡಿಸುತ್ತದೆ, ಬಿಸಿಗೆ ಆವಿಯಾಗಿ ಒತ್ತಡವನ್ನು ಏರುಪೇರು ಮಾಡುತ್ತದೆ. ಸಾರಜನಕದ ಯಂತ್ರ ಮಾಡುವ ಅರ್ಧ ಉಪಕಾರ ಈ ನೀರನ್ನು ತೆಗೆಯುವುದರಲ್ಲೇ ಇದೆ.

ಸಾರಜನಕ ಈ ಸೀಮೆಗೆ ಹೊಸದಲ್ಲ. ರೈತರು ಹೊಲಕ್ಕೆ ಎರಚುವ ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವೇ. ಪಶು ಆಸ್ಪತ್ರೆಯಲ್ಲಿ ಹೋರಿಯ ವೀರ್ಯದ ಕಡ್ಡಿಗಳನ್ನು ಕಾಪಿಡುವ ಪಾತ್ರೆಯ ಮುಚ್ಚಳ ತೆಗೆದರೆ ಹೊಗೆಯಂತೆ ಏಳುವುದು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕ. ಬೆಂಗಳೂರಿನ ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಘನೀಕೃತ ವೀರ್ಯ ಕೇಂದ್ರದಂಥವು ಆ ಪಾತ್ರೆಯನ್ನು ಹಳ್ಳಿಹಳ್ಳಿಗೆ ಪರಿಚಯ ಮಾಡಿಸಿದವು. ಟೈರಿನೊಳಗೆ ಅದು ಬಂದದ್ದು ಮಾತ್ರ ಬೇರೆ ದಾರಿಯಿಂದ, ಆಕಾಶದಿಂದ.

1986ರ ಮಾರ್ಚ್ 31ರಂದು ಮೆಕ್ಸಿಕೋ ನಗರದಿಂದ ಹೊರಟ ಮೆಕ್ಸಿಕಾನಾ ಕಂಪನಿಯ ಬೋಯಿಂಗ್ 727 ವಿಮಾನ ಪರ್ವತಕ್ಕೆ ಅಪ್ಪಳಿಸಿ ಒಳಗಿದ್ದ 167 ಜನರೂ ಸತ್ತರು. ಬ್ರೇಕು ಕಾದು, ಮಡಚಿಕೊಂಡ ಗಾಲಿಯ ಟೈರು ವಿಮಾನದ ಹೊಟ್ಟೆಯಲ್ಲೇ ಸ್ಫೋಟಿಸಿತ್ತು. ಆ ಟೈರಿಗೆ ತುಂಬಿದ್ದು ಸಾರಜನಕವಲ್ಲ, ಸಾಮಾನ್ಯ ಗಾಳಿ. ವಿಪರೀತ ಬಿಸಿಯಲ್ಲಿ ಗಾಳಿಯ ಆಮ್ಲಜನಕ ರಬ್ಬರಿನ ಆವಿಯೊಂದಿಗೆ ಸೇರಿ ಉರಿಯಬಲ್ಲದು. ಮರುವರ್ಷ ಅಮೆರಿಕದ ವಿಮಾನಯಾನ ಆಡಳಿತ ದೊಡ್ಡ ವಿಮಾನಗಳ ಟೈರಿನಲ್ಲಿ ಆಮ್ಲಜನಕ ನೂರಕ್ಕೆ 5 ಪಾಲನ್ನು ಮೀರಬಾರದೆಂದು ಆದೇಶಿಸಿತು. ಲಾರಿ, ಕಾರುಗಳಿಗೆ ಸಾರಜನಕ ಮಾರುವವರು ‘ವಿಮಾನಕ್ಕೆ ಇದನ್ನೇ ತುಂಬುತ್ತಾರೆ’ ಎಂದು ಹೇಳುವ ಮಾತಿನ ಹಿಂದೆ ಆ ಜನರ ಸಾವಿದೆ. ಆದರೆ ವಿಮಾನದ ಬ್ರೇಕಿನ ಬಿಸಿ ಬೇರೆ, ಸಿಂದಗಿ ರಸ್ತೆಯ ಬಿಸಿ ಬೇರೆ.

ನಮ್ಮ ಊರುಗಳ ಯಂತ್ರ ಸಾರಜನಕವನ್ನು ತಯಾರಿಸುವುದಿಲ್ಲ, ಸೋಸುತ್ತದೆ. ನಾವು ಉಸಿರಾಡುವ ಗಾಳಿಯಲ್ಲೇ ಅದು ನೂರಕ್ಕೆ 78 ಪಾಲಿದೆ, ಆಮ್ಲಜನಕ 21 ಪಾಲು. ಕಂಪ್ರೆಸರಿನ ಗಾಳಿ ಮೊದಲು ಎಣ್ಣೆ, ನೀರು ಹಿಡಿಯುವ ಫಿಲ್ಟರುಗಳ ಮೂಲಕ ಹೋಗುತ್ತದೆ. ಮುಂದೆ ಎರಡು ಬಗೆ. ಒಂದರಲ್ಲಿ ಕೂದಲಿನಷ್ಟು ಸಣ್ಣ, ಒಳಗೆ ಪೊಳ್ಳಾದ ಸಾವಿರಾರು ಎಳೆಗಳ ಕಟ್ಟು ಇರುತ್ತದೆ. ಆಮ್ಲಜನಕ ಮತ್ತು ತೇವ ಎಳೆಯ ಗೋಡೆ ದಾಟಿ ಬೇಗ ಹೊರಬೀಳುತ್ತವೆ, ಸಾರಜನಕ ಕೊನೆಯವರೆಗೂ ಒಳಗೇ ಸಾಗುತ್ತದೆ. ಇನ್ನೊಂದರಲ್ಲಿ ವಿಶೇಷ ಇದ್ದಿಲಿನ ಕಾಳು ತುಂಬಿದ ಎರಡು ಕಂಬಗಳು. ಒತ್ತಡದಲ್ಲಿ ಒಂದು ಕಂಬ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಸಾರಜನಕವನ್ನು ಬಿಡುವಾಗ ಇನ್ನೊಂದು ಕಂಬ ಒತ್ತಡ ಇಳಿಸಿ ಹಿಡಿದದ್ದನ್ನು ಕಕ್ಕುತ್ತದೆ. ಅದು ಉಸ್ಸೆನ್ನುವ ಸದ್ದು ಅಂಗಡಿಯಲ್ಲಿ ಆಗಾಗ ಕೇಳಿಸುತ್ತಿರುತ್ತದೆ.

ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನಂಥ ನಗರಗಳ ಪೆಟ್ರೋಲ್ ಬಂಕುಗಳಲ್ಲಿ ಕಾಣಿಸಿಕೊಂಡ ಈ ಯಂತ್ರ ಮೆಲ್ಲಗೆ ಜಿಲ್ಲಾಕೇಂದ್ರಗಳಿಗೂ ಹೆದ್ದಾರಿಗೂ ಇಳಿಯಿತು. 2019ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು ಟೈರುಗಳಿಗೆ ಸಾರಜನಕ ಕಡ್ಡಾಯಗೊಳಿಸುವ ಯೋಚನೆಯಿದೆ ಎಂದು ರಾಜ್ಯಸಭೆಯಲ್ಲಿ ಹೇಳಿದಾಗ ಅದರ ಮಾತು ಹಳ್ಳಿಯವರೆಗೂ ಮುಟ್ಟಿತು.

ಹಾಗಾದರೆ ಬಿಸಿಲಿನ ಪ್ರಶ್ನೆ? ಉತ್ತರವನ್ನು ನೇರವಾಗಿ ಹೇಳಬೇಕು. ಸಾರಜನಕವೂ ಬಿಸಿಗೆ ಒಣಗಾಳಿಯಷ್ಟೇ ಹಿಗ್ಗುತ್ತದೆ. ಬೆಳಗಿನ 20 ಡಿಗ್ರಿಯಲ್ಲಿ 33 ಪಾಯಿಂಟ್ ತುಂಬಿದ ಕಾರಿನ ಟೈರು ಮಧ್ಯಾಹ್ನ 42 ಡಿಗ್ರಿಗೆ ಸುಮಾರು ಮೂರೂವರೆ ಪಾಯಿಂಟ್ ಏರುತ್ತದೆ, ಒಳಗಿರುವುದು ಯಾವುದಾದರೂ ಸರಿ. ಅದೇ 20 ಡಿಗ್ರಿಯಲ್ಲಿ 110 ಪಾಯಿಂಟ್ ತುಂಬಿದ ಲಾರಿ ಟೈರು ಓಡಿ ಓಡಿ 70 ಡಿಗ್ರಿಗೆ ಕಾದರೆ 131ರ ಹತ್ತಿರ ಹೋಗುತ್ತದೆ. ಟೈರಿನ ರಚನೆಯಲ್ಲಿ ಈ ಏರಿಕೆಗೆ ಜಾಗವಿದೆ. ಟೈರು ಒಡೆಯುವುದು ಬಹಳ ಸಲ ಹವಾ ಕಡಿಮೆಯಾದಾಗಲೇ. ಹವಾ ಇಳಿದ ಟೈರು ಭಾರಕ್ಕೆ ಹೆಚ್ಚು ಮಣಿಯುತ್ತದೆ, ಮಣಿದಷ್ಟೂ ಪಕ್ಕದ ಗೋಡೆ ಕಾಯುತ್ತದೆ, ಕಾದ ರಬ್ಬರು ಒಳಗಿನ ದಾರಗಳಿಂದ ಬಿಡಿಸಿಕೊಳ್ಳುತ್ತದೆ. ಅದರ ಮೇಲೆ ಹೆಚ್ಚಿನ ಹೇರು ಬಿದ್ದರೆ ಮುಗಿಯಿತು. ಬಿಸಿಲಿಗೆ ಹೆದರಿ ಬೇಸಿಗೆಯಲ್ಲಿ ಹವಾ ಕಡಿಮೆ ಹಾಕಿಸುವ ಪದ್ಧತಿ ಈ ಕಡೆ ಇದೆ. ಅದು ತಪ್ಪು, ಮತ್ತು ಅಪಾಯ.

ಸಾರಜನಕದ ನಿಜವಾದ ಲಾಭ ಇಲ್ಲಿಯೇ. ಅದು ರಬ್ಬರಿನ ಗೋಡೆಯಿಂದ ಆಮ್ಲಜನಕಕ್ಕಿಂತ ನಿಧಾನವಾಗಿ ಸೋರುತ್ತದೆ. ಅಮೆರಿಕದ ಗ್ರಾಹಕ ಪತ್ರಿಕೆ ‘ಕನ್ಸ್ಯೂಮರ್ ರಿಪೋರ್ಟ್ಸ್’ 31 ಮಾದರಿಯ ಟೈರುಗಳನ್ನು 30 ಪಾಯಿಂಟಿಗೆ ತುಂಬಿ ಒಂದು ವರ್ಷ ಹೊರಗಿಟ್ಟು 2007ರಲ್ಲಿ ಫಲಿತಾಂಶ ಪ್ರಕಟಿಸಿತು: ಗಾಳಿ ತುಂಬಿದವು ಸರಾಸರಿ 3.5 ಪಾಯಿಂಟ್ ಕಳೆದುಕೊಂಡಿದ್ದವು, ಸಾರಜನಕ ತುಂಬಿದವು 2.2. ಒಂದು ವರ್ಷಕ್ಕೆ ಅಂತರ ಒಂದೂಕಾಲು ಪಾಯಿಂಟಿನಷ್ಟು. ತಿಂಗಳಿಗೊಮ್ಮೆ ಗೇಜು ಹಚ್ಚಿ ನೋಡುವ ಕಾರಿನವರಿಗೆ ಇದಕ್ಕೆ ಹಣ ಕೊಡುವ ಅಗತ್ಯವಿಲ್ಲ. ಬಂಕಿನ ಪುಕ್ಕಟೆ ಹವಾ ಸಾಕು.

ಲಾರಿ, ಬಸ್ಸುಗಳ ಲೆಕ್ಕ ಬೇರೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಅದನ್ನು ಹೇರಿಕೊಂಡ ಗಾಡಿಗಳು ದೂರದ ಮಾರುಕಟ್ಟೆಗೆ ಓಡುತ್ತವೆ. ಬಸವನ ಬಾಗೇವಾಡಿ ಕಡೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ಶಾಖ ವಿದ್ಯುತ್ ಸ್ಥಾವರವಿದೆ, ಅದರ ಸುತ್ತಲೂ ಭಾರಿ ವಾಹನಗಳ ಓಡಾಟ. ಹತ್ತು ಗಾಲಿಯ ಇಪ್ಪತ್ತು ಲಾರಿ ಇಟ್ಟವನಿಗೆ ಇನ್ನೂರು ಟೈರು. ಹೊಸ ಟೈರು ಸವೆದ ಮೇಲೆ ಅದರ ಚಿಪ್ಪು, ಅಂದರೆ ಕೇಸಿಂಗ್, ಗಟ್ಟಿಯಿದ್ದರೆ ಮೇಲೆ ರಬ್ಬರು ಹಾಕಿಸಿ ಮತ್ತೆ ಓಡಿಸಬಹುದು. ಆ ಕೇಸಿಂಗನ್ನು ಒಳಗಿನಿಂದ ಮುದಿಯಾಗಿಸುವುದು ಬಿಸಿ ಮತ್ತು ಆಮ್ಲಜನಕ. ಅದರೊಳಗಿನ ಉಕ್ಕಿನ ದಾರಕ್ಕೆ ತುಕ್ಕು ಹಿಡಿಸುವುದು ತೇವ. ಒಣ ಸಾರಜನಕ ಎರಡನ್ನೂ ತಗ್ಗಿಸುತ್ತದೆ. ಇನ್ನೂರು ಟೈರಿನಲ್ಲಿ ಕೆಲವಾದರೂ ಇನ್ನೊಂದು ಸಲ ರಬ್ಬರು ಹಾಕಿಸಲು ಒದಗಿದರೆ ಯಂತ್ರದ ಬೆಲೆಗೆ ಅರ್ಥ ಬರುತ್ತದೆ.

ತುಂಬುವಾಗಲೂ ಒಂದು ಎಚ್ಚರ ಬೇಕು. ಹವಾ ಬಿಟ್ಟು ಚಪ್ಪಟೆಯಾದ ಟೈರಿನೊಳಗೂ ಹೊರಗಿನ ಒತ್ತಡದಷ್ಟು ಗಾಳಿ ಉಳಿದೇ ಇರುತ್ತದೆ. ಅದರ ಮೇಲೆ ನೂರಕ್ಕೆ 98 ಪಾಲು ಶುದ್ಧವಾದ ಸಾರಜನಕ ತುಂಬಿದರೂ 33 ಪಾಯಿಂಟಿನ ಕಾರಿನ ಟೈರಿನಲ್ಲಿ ಮೊದಲ ಸಲಕ್ಕೆ ಸಿಗುವುದು ಸುಮಾರು 92 ಪಾಲು ಮಾತ್ರ. ಅದನ್ನು ಬಿಟ್ಟು ಇನ್ನೊಮ್ಮೆ ತುಂಬಿದರೆ 96ರ ಹತ್ತಿರ ಬರುತ್ತದೆ. ಒಳ್ಳೆಯ ಯಂತ್ರಗಳು ಈ ಬಿಡುವ–ತುಂಬುವ ಸುತ್ತನ್ನು ತಾವೇ ಮಾಡುತ್ತವೆ. ಒಂದೇ ಸಲ ತುಂಬಿ ಸಾರಜನಕದ ಗುರುತಾದ ಹಸಿರು ಕ್ಯಾಪು ಹಾಕಿ ಕಳಿಸುವ ಕಡೆ ಗಿರಾಕಿ ಕೇಳಿ ಮಾಡಿಸಿಕೊಳ್ಳಬೇಕು.

ಯಂಕಂಚಿಯ ಟ್ರ್ಯಾಕ್ಟರಿಗೆ ಇದಾವುದರ ಜರೂರೂ ಇಲ್ಲ. ಅದರ ಹಿಂದಿನ ದೊಡ್ಡ ಟೈರಿಗೆ ಬೇಕಾದದ್ದು ಹದಿನೈದರ ಆಸುಪಾಸಿನ ಪಾಯಿಂಟು, ಹೊಲದಲ್ಲಿ ಇನ್ನೂ ಕಡಿಮೆ. ಕಬ್ಬಿನ ಟ್ರೇಲರಿಗೆ ಬೇಕಾದದ್ದು ಹೇರಿಗೆ ತಕ್ಕ ಹವಾ ಮತ್ತು ಹೇರಿನ ಮಿತಿ. ಸಾರಜನಕ ತುಂಬಿದ ಲಾರಿಯೊಂದು ಜೇವರ್ಗಿ ದಾರಿಯಲ್ಲಿ ಪಂಕ್ಚರಾಗಿ ಹಳ್ಳಿಯ ಅಂಗಡಿಯ ಮುಂದೆ ನಿಂತರೆ ಚಾಲಕ ಗಾಬರಿಪಡಬೇಕಿಲ್ಲ. ಕಾಕಾ ತೂತು ಮುಚ್ಚಿ ತನ್ನ ಕಂಪ್ರೆಸರಿನ ಮಾಮೂಲಿ ಹವಾ ತುಂಬಿಕೊಡುತ್ತಾನೆ. ಎರಡೂ ಬೆರೆತರೆ ಯಾವ ಕೇಡೂ ಇಲ್ಲ, ಶುದ್ಧತೆ ಒಂದಿಷ್ಟು ಇಳಿಯುತ್ತದೆ. ಕಲಬುರಗಿ ಮುಟ್ಟಿ ಹೇರು ಇಳಿಸಿದ ಮೇಲೆ ಪುರುಸೊತ್ತಿನಲ್ಲಿ ಮತ್ತೆ ಸಾರಜನಕ ತುಂಬಿಸಿಕೊಂಡರಾಯಿತು.